ಹಿತ್ತಲಿನ ಎತ್ತರದ ಬಹುವಾರ್ಷಿಕ ಸೂರ್ಯಕಾಂತಿ: ಗುರುತಿಸುವ ಕ್ರಮ ಮತ್ತು ನಿರ್ವಹಣೆ

ಮಲೆನಾಡು ಹಾಗೂ ಕೊಡಗಿನ ರಸ್ತೆಬದಿಗಳಲ್ಲಿ, ತೋಟದ ಬೇಲಿಗಳಲ್ಲಿ ಮತ್ತು ಮನೆಯ ಹಿತ್ತಲುಗಳಲ್ಲಿ ಮಳೆಗಾಲದ ನಂತರ ಆಳೆತ್ತರ ಮೀರಿದ ಗಿಡಗಳು ಹಳದಿ ಹೂಗಳಿಂದ ತುಂಬಿರುವುದನ್ನು ಕಾಣಬಹುದು. ಹೂವಿನ ಹೋಲಿಕೆಯಿಂದ ಇವನ್ನೂ ಸೂರ್ಯಕಾಂತಿ ಎಂದೇ ಕರೆಯಲಾಗುತ್ತದೆ. ಆದರೆ ಎಣ್ಣೆಕಾಳಿಗಾಗಿ ಬಿತ್ತುವ ಸೂರ್ಯಕಾಂತಿಯು ವಾರ್ಷಿಕ ಬೆಳೆ. ಸುಮಾರು 90–110 ದಿನಗಳಲ್ಲಿ ಕಾಳು ಬಲಿತು ಗಿಡ ಒಣಗುತ್ತದೆ. ಪ್ರತಿ ವರ್ಷ ಅದೇ ಬುಡದಿಂದ ಚಿಗುರುವ ಗಿಡ ಬೇರೆ ಪ್ರಭೇದಕ್ಕೆ ಸೇರಿರುತ್ತದೆ. ಅದನ್ನು ಉಳಿಸಬೇಕೇ, ಕೀಳಬೇಕೇ ಅಥವಾ ಗೊಬ್ಬರಕ್ಕೆ ಬಳಸಬೇಕೇ ಎಂಬುದು ಸರಿಯಾದ ಗುರುತಿಸುವಿಕೆಯನ್ನೇ ಅವಲಂಬಿಸಿದೆ.

ಗುರುತಿಸುವ ಲಕ್ಷಣಗಳು

ಹೂವಿನ ಬಣ್ಣವೊಂದನ್ನೇ ನಂಬಬಾರದು. ಎಲೆ ಮತ್ತು ಬೇರನ್ನು ಪರೀಕ್ಷಿಸುವುದು ಅವಶ್ಯ.

1. ಮೆಕ್ಸಿಕನ್ ಸೂರ್ಯಕಾಂತಿ (ಟಿಥೋನಿಯಾ ಡೈವರ್ಸಿಫೋಲಿಯಾ): ನಮ್ಮಲ್ಲಿ ತಾನಾಗಿ ಹರಡಿರುವ ಎತ್ತರದ ಗಿಡ ಬಹುಪಾಲು ಇದೇ ಆಗಿರುತ್ತದೆ. 2–3 ಮೀಟರ್ ಎತ್ತರದ ಪೊದೆ; ಬುಡ ಕಟ್ಟಿಗೆಯಂತೆ ಗಟ್ಟಿ. ಕಾಂಡದ ನಡುಭಾಗದ ಎಲೆಗಳು ಅಂಗೈಯಂತೆ 3–5 ಭಾಗಗಳಾಗಿ ಸೀಳಿರುತ್ತವೆ. ಹೂವಿನ ಹತ್ತಿರದ ಎಲೆಗಳಲ್ಲಿ ಸೀಳು ಇಲ್ಲದಿರಬಹುದಾದ್ದರಿಂದ ನಡುಭಾಗದ ಎಲೆಗಳನ್ನೇ ನೋಡಬೇಕು. ಎಲೆ ಕಹಿ. ಬೇರಿನಲ್ಲಿ ಗೆಡ್ಡೆ ಇರುವುದಿಲ್ಲ.

2. ಗೆಡ್ಡೆ ಸೂರ್ಯಕಾಂತಿ (ಜೆರುಸಲೇಮ್ ಆರ್ಟಿಚೋಕ್): ಉತ್ತರ ಅಮೆರಿಕ ಮೂಲದ ಈ ಗಿಡವನ್ನು ಯಾರಾದರೂ ಗೆಡ್ಡೆ ತಂದು ನೆಟ್ಟಿದ್ದರೆ ಮಾತ್ರ ಹಿತ್ತಲಿನಲ್ಲಿ ಇರುವ ಸಂಭವವಿದೆ. ಎಲೆಗಳು ಸೀಳಿಲ್ಲದೆ, ಅಂಚು ಗರಗಸದಂತಿದ್ದು, ಮುಟ್ಟಿದರೆ ಒರಟು. ಕಾಂಡ ಒಣಗಿದ ಮೇಲೆ ಮಣ್ಣಿನಲ್ಲಿ ಉಳಿದ, ಶುಂಠಿಯನ್ನು ಹೋಲುವ ಗೆಡ್ಡೆಗಳಿಂದ ಪುನಃ ಚಿಗುರುತ್ತದೆ. ಗೆಡ್ಡೆಯು ಆಹಾರಯೋಗ್ಯ; ಅದರಲ್ಲಿ ಪಿಷ್ಟದ ಬದಲು ಇನ್ಯುಲಿನ್ ಇರುತ್ತದೆ.

ಗುರುತು ಖಚಿತವಾಗದೆ ಯಾವ ಗಿಡದ ಭಾಗವನ್ನೂ ತಿನ್ನಬಾರದು.

ಹಸಿರೆಲೆ ಗೊಬ್ಬರವಾಗಿ ಬಳಕೆ

ಮೆಕ್ಸಿಕನ್ ಸೂರ್ಯಕಾಂತಿಯ ಹಸಿರು ಎಲೆಗಳಲ್ಲಿ ಒಣತೂಕದ ಲೆಕ್ಕದಲ್ಲಿ ಸುಮಾರು ಶೇ. 3.5 ಸಾರಜನಕ, ಶೇ. 0.37 ರಂಜಕ ಹಾಗೂ ಶೇ. 4 ಪೊಟ್ಯಾಸಿಯಂ ಇರುತ್ತವೆ. ಎಲೆ ಬೇಗನೆ ಕೊಳೆಯುತ್ತದೆ. ಕೀನ್ಯಾ ದೇಶದ ಪಶ್ಚಿಮ ಭಾಗದ ಸಣ್ಣ ರೈತರು ಬೇಲಿಯಿಂದ ಕತ್ತರಿಸಿದ ಸೊಪ್ಪನ್ನು ಹೊಲಕ್ಕೆ ಸೇರಿಸುತ್ತಾರೆ. ಆದರೆ ಇದು ಗ್ಲಿರಿಸಿಡಿಯಾದಂತೆ ದ್ವಿದಳ ಸಸ್ಯವಲ್ಲ. ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವುದಿಲ್ಲ. ಬೇಲಿಯ ಮಣ್ಣಿನ ಪೋಷಕಾಂಶವನ್ನೇ ಹೊಲಕ್ಕೆ ಸಾಗಿಸುತ್ತದೆ ಎಂಬುದನ್ನು ಗಮನಿಸಬೇಕು.

ಅನುಸರಿಸಬೇಕಾದ ಎಚ್ಚರಿಕೆಗಳು

• ಹೂ ಬಿಡುವ ಮೊದಲೇ ಎಳೆಯ ಸೊಪ್ಪನ್ನು ಕತ್ತರಿಸಿ ಬಳಸಬೇಕು. ಬೀಜಗಳು ಗಾಳಿ ಮತ್ತು ನೀರಿನ ಮೂಲಕ ಹರಡುತ್ತವೆ.
• ಬಲಿತ ಕಾಂಡದ ತುಂಡುಗಳು ಬೇರೂರುತ್ತವೆ. ಅವನ್ನು ಹಳ್ಳದ ದಂಡೆ ಅಥವಾ ಕಾಡಿನ ಅಂಚಿನಲ್ಲಿ ಎಸೆಯದೆ, ಪೂರ್ಣ ಒಣಗಿಸಬೇಕು.
• ಗಿಡ ಬೇಡವಾದಲ್ಲಿ ಕೇವಲ ಕೊಯ್ದರೆ ಸಾಲದು. ಮಣ್ಣು ಹಸಿಯಿರುವಾಗ ಬುಡವನ್ನು ಬೇರುಸಹಿತ ಅಗೆದು ತೆಗೆದು, ಮರುಚಿಗುರುಗಳನ್ನು ಆಗಾಗ್ಗೆ ಕೀಳಬೇಕು.
• ಹೊಸ ಜಾಗಗಳಿಗೆ, ವಿಶೇಷವಾಗಿ ಅರಣ್ಯದ ಸಮೀಪಕ್ಕೆ, ಈ ಗಿಡವನ್ನು ಒಯ್ದು ನೆಡಬಾರದು.

ಸಂದೇಹವಿದ್ದಲ್ಲಿ ನಡುಭಾಗದ ಎಲೆ, ಹೂವು ಮತ್ತು ಬೇರುಸಹಿತ ಬುಡದ ಮಾದರಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸುವುದು ಸೂಕ್ತ.