ಕೋವಿಯ ಪೆಟ್ಟಿಗೆ: ಒಂದು ಸಾಕ್ಷ್ಯವಿಚಾರ

ಖರಾಡಿಯಲ್ಲಿ ನೆಲಸಿರುವ ಕೊಡವ ಮಿತ್ರರೊಬ್ಬರ ಮನೆಯಲ್ಲಿ, ತೊಗಲು ಹೊದಿಸಿದ ಹಳೆಯ ಓಕ್ ಮರದ ಪೆಟ್ಟಿಗೆಯೊಂದನ್ನು ಕಂಡೆನು. ಅದು ಜೋಡುನಳಿಗೆ ಕೋವಿಯ ಪೆಟ್ಟಿಗೆ. ಕೋವಿಯು ಕೊಡಗಿನ ಐನ್‌ಮನೆಯಲ್ಲಿಯೇ ಉಳಿದಿದೆ. ಪೆಟ್ಟಿಗೆ ಮಾತ್ರ ಉದ್ಯೋಗಕ್ಕಾಗಿ ಊರು ಬಿಟ್ಟವರ ಸಾಮಾನಿನೊಡನೆ ಪುಣೆಗೆ ಬಂದಿದೆ. ಒಳಗಿನ ಹರಿದ ಬನಾತನ್ನು ಕಿತ್ತು, ಹೊಸ ಮಖಮಲ್ಲು ಹಾಕಿಸಿ, ಒಡವೆಗಳನ್ನಿಡಲು ಬಳಸಬೇಕೆಂಬುದು ಮನೆಯವರ ಎಣಿಕೆಯಾಗಿತ್ತು. ಹಾಗೆ ಮಾಡಬಾರದೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕೊಡವರಿಗೆ ಕೋವಿಯು ಬೇಟೆಯ ಸಾಧನ ಮಾತ್ರವಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವರು. ಗಂಡುಮಗು ಹುಟ್ಟಿದಾಗ ಒಂದು, ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸುವುದು ಸಂಪ್ರದಾಯ. ಆಯುಧ ಪರವಾನಗಿಯಿಂದ ಅವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಇಷ್ಟು ಗೌರವದ ವಸ್ತುವಿನ ಚರಿತ್ರೆಯನ್ನು ಹೇಳಬಲ್ಲ ಪೆಟ್ಟಿಗೆಗೂ ಆ ಗೌರವದಲ್ಲೊಂದು ಪಾಲು ಸಲ್ಲಬೇಕು.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕೋವಿ ತಯಾರಕರು ಮುಚ್ಚಳದ ಒಳಬದಿಗೆ ತಮ್ಮ ಹೆಸರು, ವಿಳಾಸಗಳ ಚೀಟಿಯನ್ನು ಅಂಟಿಸುತ್ತಿದ್ದರು. ಉದಾಹರಣೆಗೆ, ಲಂಡನ್ನಿನ ಪರ್ಡೆ ಸಂಸ್ಥೆಯು 1826ರಿಂದ ಆಕ್ಸ್‌ಫರ್ಡ್ ಬೀದಿಯಲ್ಲಿದ್ದು, 1880ರ ದಶಕದ ಆದಿಯಲ್ಲಿ ಸೌತ್ ಆಡ್ಲಿ ಬೀದಿಗೆ ಸ್ಥಳಾಂತರ ಹೊಂದಿತು. ಆದುದರಿಂದ ವಿಳಾಸದಿಂದಲೇ ಚೀಟಿಯ ಕಾಲವನ್ನು ಊಹಿಸಬಹುದು. ಒಳಗಿನ ಅರೆಗಳಲ್ಲಿ ಮದ್ದಿನ ಕುಪ್ಪಿಗೂ ಕೇಪಿನ ಡಬ್ಬಿಗೂ ಸ್ಥಳವಿದ್ದರೆ, ಅದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಮಾಡಿದ್ದೆಂದು ತಿಳಿಯಬೇಕು.

ಆದರೆ ಚೀಟಿಯು ಪೆಟ್ಟಿಗೆಗೆ ಸಾಕ್ಷಿಯೇ ಹೊರತು ಕೋವಿಗಲ್ಲ. ಮುಂದೆಂದೋ ಬೇರೊಂದು ಕೋವಿಯನ್ನು ಅದರಲ್ಲಿ ತಂದಿರಿಸಿರಬಹುದು. ನಳಿಗೆಯ ಉದ್ದವು ಅರೆಗೆ ಹೊಂದುವುದೇ, ಬನಾತಿನ ಮೇಲೆ ಬಿದ್ದಿರುವ ಅಚ್ಚು ಕೋವಿಯ ಆಕಾರಕ್ಕೆ ಸರಿಹೋಗುವುದೇ ಎಂದು ತಾಳೆ ನೋಡಬೇಕು. ಹಳೆಯ ಬನಾತನ್ನು ಕಿತ್ತೆಸೆದರೆ ಆ ಅಚ್ಚಿನ ಸಾಕ್ಷ್ಯವು ಶಾಶ್ವತವಾಗಿ ಅಳಿದುಹೋಗುವುದು.

ಹಾಗೆಂದು ಕೋವಿಯನ್ನು ಪೆಟ್ಟಿಗೆಯಲ್ಲಿಯೇ ಇಡಬೇಕೆಂದಲ್ಲ. ಬನಾತು ತೇವವನ್ನು ಹೀರಿ ಹಿಡಿದಿಡುತ್ತದೆ. ಓಕ್ ಮರದಿಂದ ಹೊರಡುವ ಆಮ್ಲದ ಆವಿಯು ಲೋಹವನ್ನು ಕೆಡಿಸುತ್ತದೆ. ಕೊಡಗಿನಂತಹ ಮಳೆನಾಡಿನಲ್ಲಿ ಇವೆರಡನ್ನೂ ಬೇರೆಬೇರೆ ಇಡುವುದೇ ಲೇಸು. ಆದರೆ ಬೇರ್ಪಟ್ಟವುಗಳ ಸಂಬಂಧವು ಉಳಿಯಬೇಕಾದರೆ ಬರಹವೊಂದು ಅವಶ್ಯ. ಬ್ಯಾಂಕಿನಲ್ಲಿ ಅಡವಿಟ್ಟ ಒಡವೆಗೆ ರಶೀದಿಯಿರುವಂತೆ, ಕೋವಿಯ ಸಂಖ್ಯೆ, ನಳಿಗೆಯ ಅಳತೆ, ಅದು ಯಾರಿಂದ ಯಾರಿಗೆ ಬಂದಿತು, ಈಗ ಎಲ್ಲಿದೆ ಎಂಬುದನ್ನು ಬರೆದು, ಒಂದೊಂದು ಪ್ರತಿಯನ್ನು ಎರಡೂ ಕಡೆಯಲ್ಲಿ ಇರಿಸಬೇಕು.

ಮಿತ್ರರು ಮಖಮಲ್ಲಿನ ಯೋಚನೆಯನ್ನು ಕೈಬಿಟ್ಟಿದ್ದಾರೆ. ಬರುವ ಕೈಲ್‌ಪೊಳ್ದಿಗೆ ಊರಿಗೆ ಹೋದಾಗ ನಳಿಗೆಯನ್ನು ಅಳೆದು ಬರುವುದಾಗಿ ಹೇಳಿದ್ದಾರೆ. ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಗಳಲ್ಲಿಯೂ ಇಂತಹ ಒಂದಾದರೂ ಬರಿಯ ಪೆಟ್ಟಿಗೆ ಇದ್ದೀತು. ಅದನ್ನು ಬದಲಿಸುವ ಮುನ್ನ, ಅದರಲ್ಲಿ ಏನಿತ್ತೆಂಬುದನ್ನು ಹಿರಿಯರಿಂದ ಕೇಳಿ ಬರೆದಿಡೋಣ.