ನಿಮಗಿದು ಗೊತ್ತೇ? ಉಪ್ಪಿಗೆ ಕರಗದ ನರೂಲಿ ಲೇಸರ್‌ಗೆ ಕರಗೀತೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲವೂ ಅಡಿಕೆ ಸೀಮೆ. ಮಳೆಗಾಲದಲ್ಲಿ ತೋಟದ ಕೆಲಸದವರ ಅಂಗಾಲು ದಿನವಿಡೀ ನೆನೆದು ಬಿಳಿಚಿಕೊಳ್ಳುತ್ತದೆ. ಹೀಗೆ ನೆನೆದು ಗೀರು ಬಿದ್ದ ಚರ್ಮದ ಮೂಲಕವೇ ನರೂಲಿಯ ವೈರಸ್ ಸುಲಭವಾಗಿ ಒಳಹೊಗುವುದು. ಗಂಟು ಕಾಣಿಸಲು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು ಬೇಕು. ಆಷಾಢದಲ್ಲಿ ಅಂಟಿದ್ದು ಕೊನೆಕೊಯ್ಲಿನ ಹೊತ್ತಿಗೆ ತಲೆ ಎತ್ತಿದರೆ ಆಶ್ಚರ್ಯವಿಲ್ಲ.

ಈ ವೈರಸ್ಸಿನ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರ್ ತರುವ ಬಗೆಗಳೇ ಬೇರೆ, ಕೈಕಾಲಿನ ನರೂಲಿಯವೇ ಬೇರೆ. ಹೆದರಬೇಡಿ.

ನರೂಲಿ ವೈರಸ್ಸಿನಿಂದ ಬರುತ್ತದೆಂದು ತೋರಿಸಿದವರು ಇಟಲಿಯ ವೈದ್ಯ ಚುಫೊ. 1907ರಲ್ಲಿ ಅವರು ನರೂಲಿಯನ್ನು ಅರೆದು, ಸೋಸಿ, ಆ ರಸವನ್ನು ತಮ್ಮ ಕೈಗೇ ಚುಚ್ಚಿಕೊಂಡರು. ತಿಂಗಳುಗಳ ಮೇಲೆ ಅಲ್ಲಿ ನರೂಲಿ ಎದ್ದಿತು!

ನರೂಲಿಗೆ ಬೇರಿಲ್ಲ. ವೈರಸ್ ಚರ್ಮದ ಮೇಲ್ಪದರ ದಾಟಿ ಕೆಳಗಿಳಿಯುವುದಿಲ್ಲ. ಹೆರೆದಾಗ ಕಾಣುವ ಕಪ್ಪು ಚುಕ್ಕಿಗಳು ಬೀಜವಲ್ಲ, ರಕ್ತ ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಅಂಗಾಲಿನ ಗಂಟು ಆಣಿಯೋ ನರೂಲಿಯೋ ತಿಳಿಯಲೂ ಇದೇ ಗುರುತು. ಆಣಿಯಲ್ಲಿ ಚುಕ್ಕಿಯಿಲ್ಲ, ಚರ್ಮದ ಗೆರೆಗಳು ಅದರ ಮೇಲೂ ಹಾದುಹೋಗಿರುತ್ತವೆ. ನರೂಲಿಯಲ್ಲಿ ಗೆರೆ ತಪ್ಪಿರುತ್ತದೆ. ಆಣಿಯನ್ನು ಒತ್ತಿದರೆ ನೋವು, ನರೂಲಿಯನ್ನು ಎರಡೂ ಬದಿಯಿಂದ ಚಿವುಟಿದರೆ ನೋವು.

ಉಪ್ಪು ಕರಗಿದ ಹಾಗೆ ನರೂಲಿಯೂ ಕರಗಲಿ ಎಂದು ನೀರಿಗೆ ಉಪ್ಪು ಬಿಡುವ ಹರಕೆ ನಮ್ಮ ಕಡೆ ಇದೆ. ಹರಕೆ ಹೊತ್ತ ಎಷ್ಟೋ ಮಕ್ಕಳಿಗೆ ವಾಸಿಯೂ ಆಗಿದೆ. ಚಿಕಿತ್ಸೆಯಿಲ್ಲದಿದ್ದರೂ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳ ನರೂಲಿ ಎರಡು ವರ್ಷದೊಳಗೆ ತಾನಾಗಿ ಮಾಯವಾಗುತ್ತದೆ. ದೇಹದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತು ಹಿಡಿಯಿತೆಂದರೆ ಮುಗಿಯಿತು. ಹರಕೆ ಹೊರುವವರು ಹೊರಲಿ, ಅದರಿಂದ ಯಾರ ಚರ್ಮವೂ ಸುಡುವುದಿಲ್ಲ.

ನರೂಲಿಗೆ ಹಚ್ಚುವ ಗೇರೆಣ್ಣೆಯ ಮಾತು ಹಾಗಲ್ಲ. ಅದು ನರೂಲಿಯ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಊದುಬತ್ತಿಯಿಂದ ಸುಡುವುದು, ಬ್ಲೇಡಿನಲ್ಲಿ ಕೊಯ್ಯುವುದು, ಕುದುರೆ ಕೂದಲು ಬಿಗಿಯುವುದು, ಇವೂ ಬೇಡ. ಸಕ್ಕರೆ ಕಾಯಿಲೆಯವರಂತೂ ಕಾಲಿನ ಗಂಟನ್ನು ಮನೆಯಲ್ಲಿ ಮುಟ್ಟಲೇಬಾರದು. ಸ್ಪರ್ಶ ತಿಳಿಯದ ಪಾದದಲ್ಲಿ ಆದ ಸಣ್ಣ ಗಾಯ ಬೆರಳನ್ನೇ ಕಳೆಯುವಷ್ಟು ಬೆಳೆಯಬಲ್ಲದು.

ಈಗ ಲೇಸರ್. ನರೂಲಿ ತೆಗೆಯಲು ಬಹಳ ಕಡೆ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಅನ್ನು ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಅವರು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಸಾಧಿಸಿದರು. ಇದರ ಕಿರಣ ಕಣ್ಣಿಗೆ ಕಾಣದು, ತರಂಗಾಂತರ 10,600 ನ್ಯಾನೋಮೀಟರ್. ಈ ಕಿರಣವನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ನಮ್ಮ ಜೀವಕೋಶಗಳಲ್ಲಿ ಇರುವುದು ಬಹುಪಾಲು ನೀರೇ ಆದ್ದರಿಂದ ಕಿರಣ ಬಿದ್ದ ಜಾಗ ಕ್ಷಣದಲ್ಲಿ ಕುದಿದು ಆವಿಯಾಗುತ್ತದೆ. ಜಾಗ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ವೈದ್ಯರು ಪದರ ಪದರವಾಗಿ ಸುಡುತ್ತ, ಕರಕಲನ್ನು ಒದ್ದೆ ಹತ್ತಿಯಿಂದ ಒರೆಸುತ್ತ ಇಳಿಯುತ್ತಾರೆ. ಅಂಗಾಲಿನ ಗಾಯ ಮಾಯಲು ಕೆಲವು ವಾರ ಬೇಕು. ಕೆಸರಿಗೆ ಇಳಿಯುವವರು ಆ ಬಿಡುವು ನೋಡಿಕೊಂಡೇ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಪಲ್ಸ್‌ಡ್ ಡೈ ಲೇಸರ್ ಎಂಬ ಇನ್ನೊಂದಿದೆ. 585 ಅಥವಾ 595 ನ್ಯಾನೋಮೀಟರಿನ ಆ ಬೆಳಕನ್ನು ಹೀರುವುದು ರಕ್ತದ ಹಿಮೋಗ್ಲೋಬಿನ್. ನರೂಲಿಗೆ ರಕ್ತ ಪೂರೈಸುವ ನಾಳಗಳೇ ಮುಚ್ಚಿಹೋಗುತ್ತವೆ.

ಲೇಸರ್ ಹೊಗೆಯಲ್ಲೂ ನರೂಲಿ ವೈರಸ್ಸಿನ ಡಿಎನ್‌ಎ ಇರುತ್ತದೆಂದು 1988ರಲ್ಲೇ ಪತ್ತೆಯಾಗಿದೆ. ಹೊಗೆ ಹೀರುವ ಯಂತ್ರ, ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ ಇಲ್ಲದ ಕೋಣೆಯಲ್ಲಿ ಲೇಸರ್ ಬೇಡ.

ಒಮ್ಮೆ ಸುಟ್ಟರೆ ಮತ್ತೆ ಬರುವುದಿಲ್ಲ ಎಂಬ ಭರವಸೆಯನ್ನು ನಂಬಬೇಡಿ. ಸುತ್ತಲಿನ ಚರ್ಮದಲ್ಲಿ ವೈರಸ್ ಉಳಿದಿದ್ದರೆ ಗಂಟು ಮರಳಿ ಬರುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಸುಟ್ಟ ಜಾಗ ಕಪ್ಪಾಗಿಯೋ ಬೆಳ್ಳಗಾಗಿಯೋ ಬಹುಕಾಲ ಉಳಿಯಬಹುದು. ಅದಕ್ಕೇ ಮೊದಲ ಮದ್ದು ಲೇಸರ್ ಅಲ್ಲ. ಮೊದಲು ಸ್ಯಾಲಿಸಿಲಿಕ್ ಆಮ್ಲ ಹಚ್ಚುವುದು, ಇಲ್ಲವೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು. ಸ್ಯಾಲಿಸಿಲಿಕ್ ಆಮ್ಲ ಅಗ್ಗ, ಮನೆಯಲ್ಲೇ ಹಚ್ಚಬಹುದು. ಆದರೆ ವಾರಗಟ್ಟಲೆ ಬಿಡದೆ ಹಚ್ಚುವ ತಾಳ್ಮೆ ಬೇಕು. ಮೂರನೇ ದಿನಕ್ಕೇ ಬಿಟ್ಟು ಇದೂ ಆಗಲಿಲ್ಲ ಎನ್ನುವವರೇ ಹೆಚ್ಚು.

ಮೈತುಂಬ ನರೂಲಿ ಇದ್ದವರಿಗೆ ಒಂದು ಸೊಗಸಾದ ಉಪಾಯ ನಮ್ಮ ತುಮಕೂರಿನಲ್ಲೇ ಪ್ರಯೋಗವಾಗಿದೆ. ರೋಗಿಯದೇ ನರೂಲಿಯ ಚೂರನ್ನು ತೆಗೆದು ಮುಂಗೈ ಚರ್ಮದಡಿ ಹುದುಗಿಸುವುದು. ಇದರಿಂದ ನಿರೋಧಕ ಶಕ್ತಿ ಎಚ್ಚೆತ್ತು ಹಲವರಲ್ಲಿ ಬೇರೆಡೆಯ ನರೂಲಿಗಳೂ ಉದುರುತ್ತವೆ. ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಚರ್ಮತಜ್ಞರು 2009ರಲ್ಲಿ ಇದನ್ನು ಪ್ರಕಟಿಸಿದರು.

ಎಲ್ಲ ಗಂಟೂ ನರೂಲಿಯಲ್ಲ. ವಯಸ್ಸಾದವರಲ್ಲಿ ಹೊಸದಾಗಿ ಎದ್ದದ್ದು, ಬೇಗ ಬೆಳೆಯುವುದು, ತಾನಾಗಿ ರಕ್ತ ಒಸರುವುದು, ಬಣ್ಣ ಬದಲಾಗುವುದು ಚರ್ಮದ ಕ್ಯಾನ್ಸರ್ ಆಗಿರಬಹುದು. ಲೇಸರ್ ಹಾಯಿಸಿದರೆ ಪರೀಕ್ಷೆಗೆ ತುಣುಕೂ ಉಳಿಯುವುದಿಲ್ಲ. ಅಂಥ ಗಂಟಿಗೆ ಮೊದಲು ಬಯಾಪ್ಸಿ ಆಗಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಸರ್ಕಾರಿ ಬೋಧನಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ, ಗಂಟು ಏನೆಂದು ಗೊತ್ತಾದ ಮೇಲೆಯೇ ಲೇಸರ್ ಮಾತು.