ಒಂದೇ ಸೂರು, ಎರಡು ಪೈಥಾನ್

ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದುದು ಯಾವ ದಿನವೆಂದು ಹೇಳಬಲ್ಲವರಿಲ್ಲ. ಬಹುಕಾಲ ಎರಡು ರೂಪಗಳೂ ಅಕ್ಕಪಕ್ಕದಲ್ಲಿ ಬಾಳಿ, ಕೊನೆಗೆ ಒಂದು ಸದ್ದಿಲ್ಲದೆ ಹಿಂದೆ ಸರಿಯಿತು. ಗಣಕಯಂತ್ರಕ್ಕೆ ಆಜ್ಞೆ ಕೊಡುವುದಕ್ಕಾಗಿ ಮನುಷ್ಯನು ಕಟ್ಟಿಕೊಂಡಿರುವ ಕೃತಕ ಭಾಷೆಗಳ ಪಾಡು ಹಾಗಲ್ಲ. ಅಲ್ಲಿ ಹೊಸ ನುಡಿ ಹುಟ್ಟಿದ ದಿನವನ್ನು ಪಂಚಾಂಗದಲ್ಲಿ ಗುರುತುಹಾಕಬಹುದು. ಹಳೆಯದಕ್ಕೆ ತಿಥಿಯನ್ನೂ ಮುಂಚಿತವಾಗಿಯೇ ಗೊತ್ತುಮಾಡಬಹುದು. ಆದರೆ ದಿನ ಗೊತ್ತಾದ ಮಾತ್ರಕ್ಕೆ ಹಳೆಯದು ಮನೆ ಬಿಟ್ಟು ಹೊರಡುವುದೇ? ಪೈಥಾನ್ ಎಂಬ ಭಾಷೆಯ ಕಥೆಯಲ್ಲಿ ಈ ಪ್ರಶ್ನೆ ಲೋಕದ ಅಸಂಖ್ಯ ಯಂತ್ರಗಳನ್ನು ಕಾಡಿತು.

ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ನಗರದ ಗಣಿತ ಮತ್ತು ಗಣಕವಿಜ್ಞಾನ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಗೀಡೊ ವಾನ್ ರಾಸಮ್, 1989ರ ಕ್ರಿಸ್‌ಮಸ್ ರಜೆಯಲ್ಲಿ ಕೈಗೆತ್ತಿಕೊಂಡ ಭಾಷೆ ಇದು. 1991ರಲ್ಲಿ ಲೋಕಕ್ಕೆ ಪರಿಚಯವಾಯಿತು. ಹೆಸರಿನಲ್ಲಿ ಹೆಬ್ಬಾವಿದ್ದರೂ ಅದು ಹಾವಿನಿಂದ ಬಂದುದಲ್ಲ. ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ವಿನೋದ ಮಂಡಳಿಯಿಂದ ಎರವಲು ಪಡೆದುದು. 2000ದಲ್ಲಿ ಎರಡನೆಯ ಆವೃತ್ತಿಯೂ, 2008ರ ಡಿಸೆಂಬರ್ 3ರಂದು ಮೂರನೆಯದೂ ಹೊರಬಿದ್ದವು. ಹಿಂದಿನ ದೋಷಗಳನ್ನು ಬುಡಸಹಿತ ತಿದ್ದಬೇಕಾದರೆ ಹಿಂದಿನದರೊಡನೆ ಹೊಂದಾಣಿಕೆಯನ್ನು ಬಿಡಲೇಬೇಕೆಂದು, ತಿಳಿದೂ ತಿಳಿದೂ ಮಾಡಿದ ಕೆಲಸವಿದು.

ತಿದ್ದುಪಡಿಗಳೇನೋ ನೋಟಕ್ಕೆ ಅಲ್ಪವೇ. ಏಳನ್ನು ಎರಡರಿಂದ ಭಾಗಿಸೆಂದರೆ ಹಳೆಯ ಪೈಥಾನ್ ಅರ್ಧವನ್ನು ನುಂಗಿ 3 ಎನ್ನುತ್ತಿದ್ದಿತು; ಹೊಸದು 3.5 ಎನ್ನುತ್ತದೆ. ಕನ್ನಡಿಗರ ಮನಸ್ಸಿಗೆ ಹತ್ತಿರವಾದುದು ಮತ್ತೊಂದು. 'ಕನ್ನಡ' ಎಂಬ ಮಾತನ್ನು ಕೊಟ್ಟು ಇದರ ಉದ್ದವೆಷ್ಟೆಂದು ಕೇಳಿದರೆ ಹಳೆಯ ಪೈಥಾನ್ 15 ಎಂದು ಉತ್ತರಿಸುತ್ತಿದ್ದಿತು! ಯಂತ್ರದ ಉಗ್ರಾಣದಲ್ಲಿ ಅಕ್ಷರಗಳು ಬೈಟ್ ಎಂಬ ಪುಟ್ಟ ಗೂಡುಗಳಲ್ಲಿ ಕೂರುತ್ತವೆ. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಗೂಡು ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ಹಳೆಯದು ಎಣಿಸುತ್ತಿದ್ದುದು ಗೂಡುಗಳನ್ನು, ಅಕ್ಷರಗಳನ್ನಲ್ಲ. ಅಕ್ಷರವನ್ನು ಅಕ್ಷರವೆಂದೇ ಭಾವಿಸಬೇಕಾದರೆ ಅದಕ್ಕೆ ಪ್ರತಿಸಲವೂ ಬೇರೆಯಾಗಿ ಸೂಚನೆ ಕೊಡಬೇಕಾಗಿದ್ದಿತು. ಹೊಸ ಪೈಥಾನ್ 5 ಎನ್ನುತ್ತದೆ: ಕ, ನ, ಒತ್ತನ್ನು ಕೂಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ. ಮೂರು ಅಕ್ಷರವೆನ್ನುವ ಶಾಲೆಯ ಮಗುವಿನ ಲೆಕ್ಕಕ್ಕೆ ಇದೂ ಸರಿಹೋಗದು. ಆದರೂ ಹದಿನೈದಕ್ಕಿಂತ ಐದು ಮೇಲಲ್ಲವೆ? ಇಂಗ್ಲಿಷೊಂದನ್ನೇ ಬರೆಯುವವನಿಗೆ ಈ ದೋಷ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹೀಗಿರಲು ಎಲ್ಲರೂ ಹೊಸದನ್ನೇ ಅಪ್ಪಿಕೊಂಡುಬಿಡಬಹುದಾಗಿತ್ತಲ್ಲ ಎಂದು ಓದುಗರು ಕೇಳಬಹುದು. ತೊಡಕು ಇರುವುದು ಸರ್ವರ್ ಎಂಬ ಯಂತ್ರದಲ್ಲಿ. ಇದು ಹಗಲಿರುಳೂ ಎಚ್ಚರವಾಗಿದ್ದು ಅನೇಕರಿಗೆ ಸೇವೆ ಸಲ್ಲಿಸುವ ಗಣಕ. ಹತ್ತು ಜನ ಹತ್ತು ಕಾಲದಲ್ಲಿ ಬರೆದ ಪ್ರೋಗ್ರಾಮುಗಳು ಅದರಲ್ಲಿ ಒಟ್ಟಿಗೆ ಸಂಸಾರ ಹೂಡಿರುತ್ತವೆ. ಪ್ರೋಗ್ರಾಮೊಂದು 'ಪೈಥಾನ್' ಎಂದು ಹೆಸರು ಹಿಡಿದು ಕೂಗಿದರೆ, ಯಂತ್ರವು ತನಗೆ ಹೇಳಿಕೊಟ್ಟ ಕೋಣೆಗಳನ್ನು ಕ್ರಮವಾಗಿ ಹುಡುಕಿ, ಆ ಹೆಸರಿನವರು ಮೊದಲು ಯಾರು ಸಿಕ್ಕಿದರೆ ಅವರನ್ನೇ ಕರೆತರುತ್ತದೆ. ಬಂದವರು ಹಿರಿಯರೋ ಕಿರಿಯರೋ ಎಂದು ವಿಚಾರಿಸುವ ಗೋಜು ಅದಕ್ಕಿಲ್ಲ.

ಇದರಿಂದ ಒದಗಿದ ಅನಾಹುತಗಳಲ್ಲಿ ಯಮ್ ಎಂಬ ಉಪಕರಣದ್ದು ಪ್ರಸಿದ್ಧವಾದುದು. ಸೆಂಟ್‌ಒಎಸ್ ಎಂಬ ಕಾರ್ಯವ್ಯವಸ್ಥೆಯ ಸರ್ವರುಗಳಲ್ಲಿ ಹೊಸ ತಂತ್ರಾಂಶವನ್ನು ತಂದು ಜೋಡಿಸುವುದು, ಕೆಟ್ಟುದನ್ನು ಸರಿಪಡಿಸುವುದು, ಎಲ್ಲಕ್ಕೂ ಯಮ್ಮೇ ಆಧಾರ. ಅದರ ಆರನೆಯ ಆವೃತ್ತಿಯಲ್ಲಿ ಮನೆವಾರ್ತೆಗಾಗಿ ಇದ್ದುದು ಪೈಥಾನ್ 2.6, ಯಮ್ ಬರೆಯಲ್ಪಟ್ಟುದೂ ಆ ಹಳೆಯ ನುಡಿಯಲ್ಲೇ. ಹೊಸತನದ ಉತ್ಸಾಹದಲ್ಲಿ ವ್ಯವಸ್ಥಾಪಕನೊಬ್ಬ ಪೈಥಾನ್ 3ನ್ನು ತಂದು, 'ಪೈಥಾನ್' ಎಂಬ ಹೆಸರನ್ನು ಅದಕ್ಕೇ ಕಟ್ಟಿದನೆನ್ನಿ. ಆ ಕ್ಷಣದಿಂದ ಯಮ್ ಸ್ತಬ್ಧ. ತನ್ನ ಬರಹವನ್ನು ಓದಲು ಅದು ಎಂದಿನಂತೆ ಪೈಥಾನನ್ನು ಕರೆಯುತ್ತದೆ. ಬಂದ ಹೊಸಬನು ಕೆಲವು ಸಾಲುಗಳನ್ನು ದಾಟಿ ಒಂದು ಅಲ್ಪವಿರಾಮದ ಬಳಿ ಮುಗ್ಗರಿಸಿ, ಇದು ವ್ಯಾಕರಣಸಮ್ಮತವಲ್ಲವೆಂದು ಕೈಚೆಲ್ಲುತ್ತಾನೆ. ಹಳೆಯ ನುಡಿಯಲ್ಲಿ ಸಾಧುವಾಗಿದ್ದ ಆ ಅಲ್ಪವಿರಾಮ ಹೊಸದರಲ್ಲಿ ಅಸಾಧು. ಹೋಗಲಿ, ಕೆಟ್ಟುದನ್ನು ರಿಪೇರಿ ಮಾಡೋಣವೆಂದರೆ ರಿಪೇರಿಯ ಸಲಕರಣೆಯೇ ಕೆಟ್ಟು ಕುಳಿತಿದೆ! ಬಾವಿಗೆ ಬಿದ್ದ ಕೊಡವನ್ನು ತೆಗೆಯಲು ಹೋದ ಪಾತಾಳಗರಡಿಯೂ ಬಾವಿಯ ಪಾಲಾದಂತೆ. ಹೆಸರನ್ನು ಮತ್ತೆ ಹಳಬನಿಗೇ ಕಟ್ಟುವಷ್ಟು ತಿಳಿದವನಾದರೆ ಬದುಕಿದ. ಹಳೆಯದನ್ನು ಬೇಡವೆಂದು ಅಳಿಸಿಯೇ ಬಿಟ್ಟಿದ್ದವನ ಗತಿ ಮಾತ್ರ ಹೇಳತೀರದು.

ಅನುಭವಸ್ಥರು ಕಂಡುಕೊಂಡ ದಾರಿ ಸರಳವಾದುದು: ಮನೆವಾರ್ತೆಯ ಹಳಬನನ್ನು ಮುಟ್ಟಬಾರದು. ಹೊಸಬನಿಗೆ ಬೇರೆ ಕೋಣೆಯನ್ನು ಕೊಟ್ಟು, 'ಪೈಥಾನ್ 3.6' ಎಂಬಂತೆ ಅಂಕಿಸಹಿತವಾದ ಹೆಸರಿನಿಂದಲೇ ಕರೆಯಬೇಕು. ಭಾಷೆಯನ್ನು ಮೂಲದಿಂದ ಕಟ್ಟಿಕೊಳ್ಳುವವರಿಗಾಗಿ, ಇದ್ದ ಹೆಸರನ್ನು ಕಸಿಯದೆ ಪಕ್ಕದಲ್ಲಿ ನೆಲೆಗೊಳಿಸುವ 'ಆಲ್ಟ್‌ಇನ್‌ಸ್ಟಾಲ್' ಎಂಬ ವಿಧಿಯೇ ಉಂಟು. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ, ತನಗೆ ಬೇಕಾದವನು ಯಾರೆಂಬುದನ್ನು ವಿಳಾಸಸಮೇತ ಬರೆದಿಡಬಹುದು. ಇಷ್ಟೂ ಸಾಲದು; ಪ್ರೋಗ್ರಾಮುಗಳು ಆಶ್ರಯಿಸುವ ಗ್ರಂಥಾಲಯಗಳಲ್ಲೂ ಹಳತು ಹೊಸತುಗಳಿವೆ. ಒಂದಕ್ಕೆ ಒಗ್ಗಿದುದು ಮತ್ತೊಂದಕ್ಕೆ ಅಪಥ್ಯ. ಇದಕ್ಕೆ ಪರಿಹಾರವಾಗಿ 2007ರಲ್ಲಿ ಇಯಾನ್ ಬಿಕಿಂಗ್ ಎಂಬವರು ವರ್ಚುಯಲ್‌ಎನ್ವ್ ಎಂಬುದನ್ನು ರಚಿಸಿದರು. ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಒಲೆ. ಅದರ ಪೈಥಾನ್ ಯಾವುದು, ಗ್ರಂಥಾಲಯಗಳಾವುವು ಎಂಬುದೆಲ್ಲ ಅದರ ಕೋಣೆಯೊಳಗೇ ಇತ್ಯರ್ಥ. 2012ರಲ್ಲಿ ಬಂದ ಪೈಥಾನ್ 3.3 ಈ ಸೌಕರ್ಯವನ್ನು ಭಾಷೆಯ ಅಂಗವನ್ನಾಗಿಯೇ ಮಾಡಿಕೊಂಡಿತು.

ಇತ್ತ ಹಳಬನ ವಿದಾಯಕ್ಕೆ ಮೊದಲು ಗೊತ್ತಾಗಿದ್ದ ವರ್ಷ 2015. ಜನ ಬಿಡಲೊಲ್ಲದ್ದನ್ನು ಕಂಡು 2014ರಲ್ಲಿ ಅದನ್ನು ಐದು ವರ್ಷ ಮುಂದೂಡಿದರು. 2020ರ ಜನವರಿ 1ರಂದು ಪೈಥಾನ್ 2ರ ಆರೈಕೆ ನಿಂತಿತು. ಏಪ್ರಿಲಿನಲ್ಲಿ ಬಂದ 2.7.18 ಅದರ ಕಡೆಯ ಕಂತು. ರೆಡ್‌ಹ್ಯಾಟ್ ಕಂಪನಿಯು 2019ರ ತನ್ನ ಎಂಟನೆಯ ಆವೃತ್ತಿಯಲ್ಲಿ ಬರಿಯ 'ಪೈಥಾನ್' ಎಂಬ ಹೆಸರನ್ನು ಯಾರಿಗೂ ಕಟ್ಟದೆ, ಮನೆವಾರ್ತೆಯ ಪೈಥಾನನ್ನು ಪರರ ಕೈಗೆ ಸಿಕ್ಕದ ಒಳಕೋಣೆಯಲ್ಲಿರಿಸಿತು. ಹೆಸರು ಹಿಡಿದು ಕೂಗಿದರೆ ಓಗೊಡುವವರೇ ಇಲ್ಲವಲ್ಲ ಎಂದು ಹೊಸಬರು ಗೊಣಗಿದರು. ಆದರೆ ತಪ್ಪಾದವನು ಓಗೊಟ್ಟು ಬರುವುದಕ್ಕಿಂತ ಯಾರೂ ಬಾರದಿರುವುದೇ ಕ್ಷೇಮ. 2023ರ ಡೆಬಿಯನ್ 12 ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮನೆವಾರ್ತೆಯ ಪೈಥಾನಿಗೆ ಹೊರಗಿನ ಗ್ರಂಥಾಲಯಗಳನ್ನು ಸೇರಿಸಹೊರಟವರನ್ನು ತಡೆದು, ಬೇರೆ ಒಲೆ ಹೂಡಿಕೊಳ್ಳಿರೆಂದು ಹೇಳುತ್ತದೆ.

ಎರಡರ ಕಾಟ ತೀರಿತೆಂದು ವ್ಯವಸ್ಥಾಪಕರು ಉಸಿರುಬಿಡುವಂತಿಲ್ಲ. 2020ರಿಂದೀಚೆಗೆ ಪ್ರತಿ ಅಕ್ಟೋಬರಿನಲ್ಲೂ ಮೂರರ ಸಂತತಿಯಲ್ಲೊಂದು ಹೊಸದು ಹುಟ್ಟುತ್ತಿದೆ. ಒಂದೊಂದಕ್ಕೂ ಸುಮಾರು ಐದು ವರ್ಷಗಳ ಆರೈಕೆ. 2023ರ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಭಾಗವನ್ನು ಕಿತ್ತುಹಾಕಿದಾಗ, ಅದನ್ನು ನೆಚ್ಚಿದ್ದ ಪ್ರೋಗ್ರಾಮುಗಳು 3.11ರ ಕೋಣೆಯಲ್ಲೇ ಉಳಿಯಬೇಕಾಯಿತು, ಪಕ್ಕದ ಕೋಣೆಯಲ್ಲಿ 3.12 ಒಲೆ ಹೊತ್ತಿಸಿತು.